ಪಾಕಣ್ಣನ ಮಗಳು ಸಾಣೆ ಶಿವವ್ವ

ಬೆಳಗಿನ ಐದೂ ಮುಕ್ಕಾಲು. ಮುಂಡಗೋಡದ ಸಂತೆ ಬಯಲಿನಲ್ಲಿ ತರಕಾರಿ ಗಾಡಿಗಳು ಇನ್ನೂ ಹಿಂದೆ ಸರಿದು ಜಾಗ ಹಿಡಿಯುತ್ತಿವೆ. ಮಂಜು ಎಷ್ಟಿದೆಯೆಂದರೆ ಒಣಮೀನಿನ ಸಾಲು ಎಲ್ಲಿದೆ ಎಂಬುದು ಮೂಗಿಗಷ್ಟೇ ಗೊತ್ತಾಗುತ್ತದೆ. ಬೇವಿನ ಮರದ ಕೆಳಗೆ ಮಾತ್ರ ಆಗಾಗ ಕಿಡಿ ಹಾರುತ್ತದೆ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಹಳೆಯ ಸೈಕಲ್ಲಿನ ಮೇಲೆ, ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ತಲೆಗೆ ಟವೆಲ್ ಸುತ್ತಿಕೊಂಡು ಶಿವವ್ವ ಪೆಡಲ್ ತುಳಿಯುತ್ತಿದ್ದಾರೆ. ಹ್ಯಾಂಡಲ್ಲಿಗೆ ಬಿಗಿದ ಸಾಣೆಕಲ್ಲು ತಿರುಗುತ್ತಿದೆ. ಕುಡಗೋಲಿನ ಅಲಗು ಕಲ್ಲಿಗೆ ತಾಗಿದಾಗ ಬರುವ ಸದ್ದಿನಲ್ಲೇ ಅವರಿಗೆ ಕಬ್ಬಿಣದ ಜಾತಕ ತಿಳಿಯುತ್ತದೆ.

ತಾಂಡಾದ ರೈತ ಹೇಮಲಪ್ಪ ಗೋಣಿಚೀಲ ಹೊತ್ತುಕೊಂಡು ಬರುತ್ತಾರೆ. ಚೀಲದೊಳಗೆ ಒಂಬತ್ತು ಕುಡಗೋಲುಗಳು. ನಾಡಿದ್ದು ಭತ್ತದ ಕೊಯ್ಲು.

"ಶಿವವ್ವಕ್ಕಾ, ಥಂಡಿ ಭಾಳ ಐತಲ್ಲ ಇವತ್ತು."

"ಥಂಡಿ ನಿಂಗೈತಿ. ನಾ ತುಳ್ಯಾಕ ಹತ್ತೇನಿ, ನಂಗ ಬೆವರ ಬಂದಾವ." ಶಿವವ್ವ ಒಂದು ಕುಡಗೋಲು ಎತ್ತಿ ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡುತ್ತಾರೆ. ಹುಬ್ಬು ಗಂಟಿಕ್ಕುತ್ತದೆ. "ಇದನ್ನ ಯಾಂವ ಬಂಡಿಗಲ್ಲಿಗೆ ತಿಕ್ಕ್ಯಾನ?"

"ನಾನ ತಿಕ್ಕಿದ್ನಿ. ಅರ್ಜೆಂಟ್ ಇತ್ತು."

"ಅರ್ಜೆಂಟ್ ಇದ್ರ ಹಲ್ಲೀಲೆ ಕೊಯ್ಯಬೇಕಿತ್ತಪಾ ತಮ್ಮಾ, ಕುಡಗೋಲ ಯಾಕ ಕೊಂದಿ?"

ಹೇಮಲಪ್ಪ ಬೈಸಿಕೊಂಡ ಸಂತೋಷದಲ್ಲಿ ಅಲ್ಲೇ ಕುಕ್ಕರಗಾಲಲ್ಲಿ ಕೂರುತ್ತಾರೆ. ಅಷ್ಟರಲ್ಲಿ ಹುಬ್ಬಳ್ಳಿ ಕಡೆಯ ಕಾರೊಂದು ನಿಂತು, ಕಿಟಕಿಯಿಂದ ಒಬ್ಬರು ತಲೆ ಹೊರಹಾಕಿ ಶಿವವ್ವನ ಮುಖ ನೋಡಿ ಹಿಂದಿಯಲ್ಲಿ ಕೇಳುತ್ತಾರೆ: ಸ್ವೆಟರ್ ಎಷ್ಟು? ಇದು ಮುಂಡಗೋಡ. ಇಲ್ಲಿನ ಕ್ಯಾಂಪುಗಳಲ್ಲಿ ಟಿಬೆಟಿನವರು ನೆಲೆಸಿ ಅರವತ್ತು ವರ್ಷವಾಗುತ್ತಾ ಬಂತು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವವರೂ ಅವರೇ. ಶಿವವ್ವ ಪೆಡಲ್ ನಿಲ್ಲಿಸುವುದಿಲ್ಲ.

"ಸ್ವೆಟರ್ ಇಲ್ರೀ ಸಾಹೇಬ್ರ. ಕುಡಗೋಲ ಅದಾವ, ಹಾಕ್ಕೋತೀರೇನು?"

ಅಚ್ಚ ಧಾರವಾಡದ ಮಾತು ಕೇಳಿ ಕಾರಿನವರು ತಬ್ಬಿಬ್ಬಾಗುತ್ತಾರೆ. ಸುತ್ತಲಿನವರು ನಗುತ್ತಾರೆ. ಶಿವವ್ವ ಮಾತ್ರ ನಗುವುದಿಲ್ಲ. ಒಂಬತ್ತರಲ್ಲಿ ಎರಡನೆಯ ಕುಡಗೋಲು ಆಗಲೇ ಅವರ ಕೈಯಲ್ಲಿದೆ.

ದುಂಡು ಮುಖ, ಕಿರಿದಾದ ಕಣ್ಣು, ಎತ್ತರದ ಕೆನ್ನೆಲುಬು, ಹಣೆಯ ಮೇಲೆ ವಿಭೂತಿ. ವಯಸ್ಸು ಅರವತ್ತೊಂದು. ಟಿಬೆಟಿನ ಅಜ್ಜಿಯರು ಅವರನ್ನು ಕಂಡರೆ ಟಿಬೆಟಿ ಮಾತಿನಲ್ಲಿ ಕುಶಲ ಕೇಳುತ್ತಾರೆ. ರೈಲಿನಲ್ಲಿ ಯಾರೋ ಮಣಿಪುರವೇ ಎನ್ನುತ್ತಾರೆ. ಜೋಯಿಡಾ ಕಡೆಯ ಕೊಂಕಣಿ ಹೆಂಗಸರು ನೇಪಾಳವೇ ಎಂದು ಕೇಳಿದ್ದುಂಟು. ಶಿವವ್ವ ಹುಟ್ಟಿದ್ದು ದಾಂಡೇಲಿಯಲ್ಲಿ, ಬಾಳುತ್ತಿರುವುದು ಹಳಿಯಾಳದ ಹತ್ತಿರದ ಹಳ್ಳಿಯಲ್ಲಿ. ತಾಯಿ ಧಾರವಾಡ ಸೀಮೆಯ ಗುರುಸಿದ್ದವ್ವ. ತಂದೆ ಕೊರಿಯಾದವನು.

ಅದು ಹೇಗೆ ಎಂದು ಕೇಳದವರಿಲ್ಲ. ಸಾವಿರದ ಒಂಬೈನೂರ ಐವತ್ಮೂರರಲ್ಲಿ ಕೊರಿಯಾದ ಯುದ್ಧ ನಿಂತಾಗ ಸೆರೆಸಿಕ್ಕ ಸೈನಿಕರನ್ನು ಕೇಳಿದರು: ಉತ್ತರಕ್ಕೆ ಹೋಗುತ್ತೀರೋ, ದಕ್ಷಿಣಕ್ಕೋ? ಎಂಬತ್ತು ಚಿಲ್ಲರೆ ಮಂದಿ ಎರಡೂ ಬೇಡವೆಂದರು. ಅವರನ್ನು ಕಾಯುತ್ತಿದ್ದ ಭಾರತದ ಪಡೆಯೊಂದಿಗೇ ಹಡಗು ಹತ್ತಿ ಮದ್ರಾಸಿಗೆ ಬಂದಿಳಿದು ದಿಲ್ಲಿ ಸೇರಿದರು. ಮುಂದೆ ಹೆಚ್ಚಿನವರು ಬ್ರೆಜಿಲ್, ಅರ್ಜೆಂಟೀನಾ ಎಂದು ದೂರದ ದೇಶಗಳಿಗೆ ಹೋದರು. ಬೆರಳೆಣಿಕೆಯವರು ಇಲ್ಲೇ ಉಳಿದರು. ಹಾಗೆ ಉಳಿದವರಲ್ಲಿ ಇಪ್ಪತ್ಮೂರು ವರ್ಷದ ಪಾಕ್ ಇನ್‌ಸು ಒಬ್ಬ. ಉತ್ತರದ ಕಡಲತೀರದ ಹುಡುಗ. ಊರಿಗೆ ಮರಳಿದರೆ ಶತ್ರುವಿಗೆ ಶರಣಾದವನೆಂದು ಕೊಂದಾರು, ದಕ್ಷಿಣಕ್ಕೆ ಹೋದರೆ ಉತ್ತರದವನೆಂದು ಹಿಡಿದಾರು ಎಂಬ ಭಯ ಅವನಿಗೆ. ಗರಗಸದ ಕೆಲಸ ಬಲ್ಲವನಾದ್ದರಿಂದ ದಿಲ್ಲಿಯ ಕಟ್ಟಿಗೆ ಪೇಟೆಯಲ್ಲಿ ಒಬ್ಬ ಗುತ್ತಿಗೆದಾರನ ಕಣ್ಣಿಗೆ ಬಿದ್ದ. ಅಳ್ನಾವರದ ತನಕ ರೈಲಿನಲ್ಲಿ ಬಂದು, ಅಲ್ಲಿಂದ ದಾಂಡೇಲಿಗೆ ಸೇರಿದ. ಆಗಿನ್ನೂ ಊರಿಗೆ ಊರೇ ಹೊಸದು. ಕಾಗದದ ಮಿಲ್ಲು ಏಳುತ್ತಿತ್ತು, ಅವನು ಸೇರಿದ ಕಟ್ಟಿಗೆ ಅಡ್ಡೆಗೆ ಸಾಗವಾನಿಯ ದಿಮ್ಮಿಗಳು ಬಂದು ಬೀಳುತ್ತಿದ್ದವು. ಎಲ್ಲರೂ ಎಲ್ಲಿಂದಲೋ ಬಂದವರೇ. ಅವರ ನಡುವೆ ಇವನೊಬ್ಬ ಸ್ವಲ್ಪ ಹೆಚ್ಚು ದೂರದಿಂದ ಬಂದವ. ಜನ ಪಾಕಣ್ಣ ಎಂದು ಕರೆದರು.

ಗುರುಸಿದ್ದವ್ವ ಅದೇ ಅಡ್ಡೆಯಲ್ಲಿ ಕಟ್ಟಿಗೆಯ ಹೊಟ್ಟು ಹೊರುತ್ತಿದ್ದಳು. ಅಣ್ಣಂದಿರು ಮಿಲ್ಲಿನ ಕಟ್ಟಡದ ಕೆಲಸಕ್ಕೆ ಬಂದವರು. ತಾಯಿ ಹೇಳುತ್ತಿದ್ದ ಆ ಕಥೆಯನ್ನು ಶಿವವ್ವ ತಾಯಿಯ ದನಿಯಲ್ಲೇ ಹೇಳುತ್ತಾರೆ: "ಮಾತು ಬರ್ತಿರ್ಲಿಲ್ಲ ನಿಮ್ಮಪ್ಪಗ. ಒಂದಿನ ನನ್ನ ಇಳಿಗಿ ಕಸಗೊಂಡ ಹೋದಾ. ಕಳ್ಳ ಅಂತ ಒದರಿದೆ. ಸಂಜಿಮುಂದ ತಂದ ಕೊಟ್ಟಾ. ಉಳ್ಳಾಗಡ್ಡಿ ಹೆಚ್ಚಿದ್ರ ಕಣ್ಣಾಗ ಒಂದ ಹನಿ ನೀರ ಬರ್ಲಿಲ್ಲ ನೋಡು, ಅಷ್ಟ ಹರಿತ ಮಾಡಿದ್ದ." ಅಣ್ಣಂದಿರು ಒಂದು ವರ್ಷ ಹಟ ಹಿಡಿದರು. ಕೊನೆಗೆ ಹಿರಿಯಣ್ಣನೇ ಸೋತು, ಉಳವಿಗೆ ಕರೆದುಕೊಂಡು ಹೋಗಿ ಚನ್ನಬಸವಣ್ಣನ ಗುಡಿಯ ಮುಂದೆ ತಾಳಿ ಕಟ್ಟಿಸಿದ.

ಎಪ್ಪತ್ತೊಂದರಲ್ಲಿ ಪಾಕಿಸ್ತಾನದ ಜೊತೆ ಯುದ್ಧವಾದಾಗ ಶಿವವ್ವನಿಗೆ ಏಳು ವರ್ಷ. ಅಡ್ಡೆಯ ಹಾಜರಿ ಪಟ್ಟಿಯಲ್ಲಿ 'ಪಾಕ್' ಎಂಬುವವನಿದ್ದಾನೆ ಎಂದು ಯಾರೋ ಸುದ್ದಿ ಮುಟ್ಟಿಸಿದರು. ಇಬ್ಬರು ಪೊಲೀಸರು ಬಂದರು. ಬಂದವರು ಪಾಕಣ್ಣನ ಮುಖ ನೋಡಿ ಗೊಂದಲಕ್ಕೆ ಬಿದ್ದು, ಚಹಾ ಕುಡಿದು ಹೋದರು. ಮರುದಿನ ಹಾಜರಿ ಬರೆಯುವ ರೈಟರ್, "ಪಾಕ್ ಬ್ಯಾಡೋ, ಯಾರ್ಗೂ ತ್ರಾಸ ಬ್ಯಾಡ" ಎಂದು ಪಟ್ಟಿಯಲ್ಲಿ ಬಾಳಪ್ಪ ಎಂದು ತಿದ್ದಿದ. ಅಂದಿನಿಂದ ಸರಕಾರಕ್ಕೆ ಬಾಳಪ್ಪ, ಊರಿಗೆ ಪಾಕಣ್ಣ.

"ಅಪ್ಪಗ ಬ್ಯಾಸರ ಆಗಿತ್ತೇನು ಅಂತ ಈಗ ಅನಸ್ತೈತಿ," ಎನ್ನುತ್ತಾರೆ ಶಿವವ್ವ. "ಅವತ್ತ ಏನೂ ಅನ್ಲಿಲ್ಲ. ರಾತ್ರಿ ಊಟದಾಗ ತನ್ನಷ್ಟಕ್ಕ ತಾನ 'ಬಾಳಪ್ಪಾ, ಬಾಳಪ್ಪಾ' ಅಂತ ಅಂದ್ಕೊಂಡ ನೋಡಿದಾ. ಹೊಸಾ ಚಪ್ಪಲಿ ಹಾಕ್ಕೊಂಡ ಅಡ್ಡಾಡಿ ನೋಡ್ತಾರಲ್ರಿ, ಹಂಗ."

ಊರಿನ ಬಗ್ಗೆ ಪಾಕಣ್ಣ ಬಾಯಿ ಬಿಡುತ್ತಿರಲಿಲ್ಲ. ಸಮುದ್ರ ಇತ್ತು, ಹಿಮ ಬೀಳುತ್ತಿತ್ತು, ಮೀನು ಒಣಗಿಸುತ್ತಿದ್ದರು, ಅಷ್ಟೇ. ಸಂತೆಯಲ್ಲಿ ಕಾರವಾರದ ಒಣಮೀನಿನವರ ಮುಂದೆ ನಿಂತು ಒಂದೊಂದೇ ಮೀನು ಎತ್ತಿ ಮೂಸುವನು, ಇದಲ್ಲ ಎಂಬಂತೆ ತಲೆಯಾಡಿಸಿ ಇಡುವನು. ಗುರುಸಿದ್ದವ್ವನ ಮನೆಯಲ್ಲಿ ಮೀನು ನಡೆಯುತ್ತಿರಲಿಲ್ಲ. ಆದರೂ ಮೂಸುವುದಕ್ಕೆ ಅವಳ ತಕರಾರಿರಲಿಲ್ಲ.

ಯಂತ್ರದ ಗರಗಸಗಳು ಬಂದ ಮೇಲೆ ಅಡ್ಡೆಯಲ್ಲಿ ಕೈಗರಗಸದ ಕೆಲಸ ಕಡಿಮೆಯಾಯಿತು. ಎರಡು ಬೆರಳುಗಳನ್ನು ಅಷ್ಟರೊಳಗೆ ಮರಕ್ಕೇ ಕೊಟ್ಟಿದ್ದ ಪಾಕಣ್ಣ, ಸೈಕಲ್ಲಿಗೆ ಕಲ್ಲು ಕಟ್ಟಿ ಸಂತೆಗಳನ್ನು ಸುತ್ತತೊಡಗಿದ. ಹದಿನಾಲ್ಕು ವರ್ಷದ ಶಿವವ್ವ ಪೆಡಲ್ ತುಳಿಯಲು ಜೊತೆಗೆ ಹೊರಟಳು. ತಾಯಿಗೆ ಇಷ್ಟವಿರಲಿಲ್ಲ. "ಹೆಣ್ಣಹುಡುಗಿ ಸೈಕಲ್ ಮ್ಯಾಲ ಕುಂತು ಕಿಡಿ ಹಾರ್ಸಿದ್ರ ಯಾಂವ ಮಾಡ್ಕೋತಾನ?" ಎನ್ನುತ್ತಿದ್ದಳು. ಮಾಡಿಕೊಂಡವರು ಸಾತಪ್ಪ. ಬೆಳಗಾವಿ ಕಡೆಯವರು, ಮಿಲ್ಲಿನಲ್ಲಿ ಗುತ್ತಿಗೆಯ ಕೂಲಿಯಾಗಿದ್ದವರು. ಕಾಗದದ ಸುರುಳಿಯೊಂದು ಉರುಳಿ ಕಾಲು ಊನವಾದ ಮೇಲೆ ಈಗ ಮನೆಯಲ್ಲೇ ಇದ್ದಾರೆ. ಹೆಂಡತಿ ಬರುವಷ್ಟರಲ್ಲಿ ರೊಟ್ಟಿ ಬಡಿದಿಡುವುದು ಅವರ ಕೆಲಸ. ಮದುವೆಯ ಮಾತು ತೆಗೆದರೆ ಈಗಲೂ ನಾಚುತ್ತಾರೆ. "ಮಂದಿ ಎಲ್ಲಾ ಆಕಿ ಮಾರಿ ನೋಡ್ತಿದ್ರು. ನಾ ಕೈ ನೋಡಿದ್ನಿರಿ."

ಆ ಕೈಯ ಲೆಕ್ಕ ಹೀಗಿದೆ. ವಾರಕ್ಕೆ ನಾಲ್ಕು ಸಂತೆ: ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ. ದೂರದ ಊರುಗಳಲ್ಲಿ ಪರಿಚಯದವರ ಅಂಗಡಿಯ ಹಿಂದೆ ಒಂದೊಂದು ಹಳೇ ಸೈಕಲ್ ಇಟ್ಟಿದ್ದಾರೆ, ಕಲ್ಲು ಮತ್ತು ಅರಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಾರೆ. ಸುಗ್ಗಿಯಲ್ಲಿ ದಿನಕ್ಕೆ ಐವತ್ತು ಅರವತ್ತು ಕುಡಗೋಲು. ಭತ್ತದ ಕುಡಗೋಲಿಗೆ ಬರೀ ಅಲಗು ಸಾಲದು, ಅರದಿಂದ ಸಣ್ಣ ಸಣ್ಣ ಹಲ್ಲು ಮೂಡಿಸಬೇಕು. ಅದಕ್ಕೆ ಕಕ್ಕು ಹಾಕುವುದು ಎನ್ನುತ್ತಾರೆ. ಒಂದು ಕುಡಗೋಲಿಗೆ ಎಪ್ಪತ್ತು ಹಲ್ಲು. ಮಳೆಗಾಲದಲ್ಲಿ ಕೊಡಲಿ, ದರ್ಜಿಯ ಕತ್ತರಿ, ಅಡುಗೆಮನೆಯ ಇಳಿಗೆ. ಗೇಣು ಅಗಲದ ಸಾಣೆಕಲ್ಲು ಒಂದೂವರೆ ವರ್ಷದಲ್ಲಿ ಅಂಗೈಯಷ್ಟಾಗುತ್ತದೆ. ನಲವತ್ತೇಳು ವರ್ಷಗಳಲ್ಲಿ ಇಂತಹ ಎಷ್ಟು ಕಲ್ಲುಗಳು ಅವರ ಮುಂದೆ ಸವೆದವೋ ಅವರಿಗೇ ನೆನಪಿಲ್ಲ. ಬಲಗಣ್ಣಿನ ಬಿಳಿಯಲ್ಲಿ ಕಿಡಿಯೊಂದು ಬಿದ್ದು ಕೂತ ಕಪ್ಪು ಚುಕ್ಕೆ ಇದೆ.

ಕಕ್ಕು ಹಾಕುವಾಗ ಶಿವವ್ವ ಬಾಯಲ್ಲಿ ಏನೋ ಗುಣುಗುಣಿಸುತ್ತಾರೆ. ಹಾನಾ, ದೂಲ, ಸೇಟ, ನೇಟ, ತಾಸತ. ಹತ್ತರ ತನಕ ಹೋಗಿ ಮತ್ತೆ ಮೊದಲಿನಿಂದ. ಅಪ್ಪ ಹಲ್ಲು ಎಣಿಸುತ್ತಿದ್ದುದು ಹೀಗೆ, ಮಗಳು ಕಲಿತದ್ದೂ ಹೀಗೆ. ಇದೊಂದು ಭಾಷೆ ಎಂದು ಅವರಿಗೆ ಬಹುಕಾಲ ಗೊತ್ತೇ ಇರಲಿಲ್ಲ. ಬಟ್ಟೆಗೆ ಮೊಳ, ಹಾಲಿಗೆ ಸೇರು ಇದ್ದಂತೆ ಇದು ಗರಗಸದ ಲೆಕ್ಕ ಎಂದುಕೊಂಡಿದ್ದರು.

ಮೂರು ವರ್ಷದ ಹಿಂದೆ ಮಗಳ ಮಗಳು ಸಹನಾ ಹಳಿಯಾಳದ ಕಾಲೇಜಿಗೆಂದು, ತಾನು ಅಮ್ಮಾ ಎಂದೇ ಕರೆಯುವ ಅಜ್ಜಿಯ ಮನೆಗೆ ಬಂದು ಉಳಿದಳು. ಒಂದು ಸಂಜೆ ಮೊಬೈಲಿನಲ್ಲಿ ಯಾವುದೋ ಧಾರಾವಾಹಿ ನೋಡುತ್ತಿದ್ದಳು. ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಶಿವವ್ವ ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದರು.

"ಸಹನಾ! ಯಾಂವ ಅಂವಾ? ಗರಗಸದ ಲೆಕ್ಕಾ ಹೇಳಾಕ ಹತ್ಯಾನ!"

"ಇದು ಕೊರಿಯಾ ಸೀರಿಯಲ್ ಬೇ ಅಮ್ಮಾ. ಅಂವ ಒಂದು, ಎರಡು, ಮೂರು ಅನ್ನಾಕ ಹತ್ಯಾನ."

ಶಿವವ್ವ ಹೊಸ್ತಿಲ ಮೇಲೆ ಕೂತುಬಿಟ್ಟರು. ಒಳಗೆ ಒಗ್ಗರಣೆ ಸೀದುಹೋಯಿತು. ಅಪ್ಪ ತೀರಿಕೊಂಡು ಆಗಲೇ ಇಪ್ಪತ್ತೆಂಟು ವರ್ಷವಾಗಿತ್ತು. "ಅಪ್ಪ ಏನೂ ಕೊಡ್ಲಿಲ್ಲ ಅಂತ ತಿಳ್ಕೊಂಡಿದ್ನಿ," ಎಂದು ಅವರು ಈಗ ಹೇಳುತ್ತಾರೆ. "ಹತ್ತು ಮಾತು ಕೊಟ್ಟ ಹೋಗಿದ್ದ. ದಿನಾ ಆಡ್ತಿದ್ನಿ, ಗೊತ್ತಿರ್ಲಿಲ್ಲ."

ಕಾಲವೂ ಎಂಥದ್ದು ನೋಡಿ. ಶಿವವ್ವ ಶಾಲೆಗೆ ಹೋಗುತ್ತಿದ್ದಾಗ ಚಪ್ಪಟಿ ಮೂಗು ಎಂದು ಕರೆಸಿಕೊಂಡು ಐದನೆಯ ಇಯತ್ತೆಗೇ ಶಾಲೆ ಬಿಟ್ಟವರು. ಈಗ ಕೊರಿಯಾ ಸೀರಿಯಲ್ಲಿನ ಹುಚ್ಚು ಹತ್ತಿದ ಸಹನಾಳ ಗೆಳತಿಯರು ಮನೆಗೆ ಬಂದು ಅಜ್ಜಿಯ ಕೆನ್ನೆ ಮುಟ್ಟಿ ನೋಡುತ್ತಾರೆ, ಜೊತೆಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಈ ಎರಡರ ನಡುವೆ ಕೊರೊನಾ ಬಂದು ಹೋಗಿತ್ತು. ಆಗ ಒಂದು ಸಂತೆಯಲ್ಲಿ ಯಾರೋ ಚೀನಾದವಳು ಎಂದು ಕೂಗಿದರು. ಶಿವವ್ವ ನೀರು ಕುಡಿದ ತಂಬಿಗೆಯನ್ನು ಒಬ್ಬಳು ದೂರ ಎಸೆದಳು. ಶಿವವ್ವ ಅಂದು ಕಲ್ಲು ಬಿಚ್ಚಿಕೊಂಡು ಮನೆಗೆ ಬಂದವರು ಸಂತೆಗಳು ತೆರೆದ ಮೇಲೂ ಹೊರಗೆ ಕಾಲಿಡಲಿಲ್ಲ. ಐವತ್ತಾರು ವರ್ಷ ಬಾಳಿದ ನಾಡಿನಲ್ಲಿ ಮುಖ ಮುಚ್ಚಿಕೊಂಡು ಕೂತರು. ಕೊಯ್ಲು ಬಂತು. ಒಂದು ಮುಂಜಾನೆ ಬಾಗಿಲಲ್ಲಿ ಬೈಕ್ ನಿಂತಿತು. ಹೇಮಲಪ್ಪ ಮುಂಡಗೋಡದಿಂದ ಇಡೀ ತಾಂಡಾದ ಕುಡಗೋಲುಗಳನ್ನು ಎರಡು ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದರು.

"ಅಕ್ಕಾ, ಸಿಟ್ಟಿದ್ರ ಮಂದಿ ಮ್ಯಾಲ ಇರ್ಲಿ. ಭತ್ತದ ಮ್ಯಾಲ ಯಾಕ?" ಎಂದರು.

ಮುಂದಿನ ಸಂತೆಗೆ ಶಿವವ್ವ ಹೋದರು.

ಹೋದ ವರ್ಷದ ಹಿಂದಿನ ವರ್ಷ, ಜನವರಿಯ ಒಂದು ಸಂತೆಯ ದಿನ. ಮುಂಡಗೋಡದ ಟಿಬೆಟಿ ಮಠವೊಂದರ ಅಡುಗೆಮನೆ ನೋಡಿಕೊಳ್ಳುವ ಭಿಕ್ಷು ಜಂಪಾ ಎಂದಿನಂತೆ ಚಾಕುಗಳ ಕಟ್ಟು ತಂದರು. ಅವರು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ, ಕನ್ನಡ ಸಲೀಸು. ಅಂದು ಅವರ ಜೊತೆ ಪ್ಯಾಂಟು ತೊಟ್ಟ, ಐವತ್ತು ದಾಟಿದ ಹೆಂಗಸೊಬ್ಬರಿದ್ದರು. ಮಠದಲ್ಲಿ ಪಾಠ ಕೇಳಲು ಬಂದಿದ್ದ ಡೆನ್ಮಾರ್ಕಿನ ಶಾಲಾ ಶಿಕ್ಷಕಿ, ಹೆಸರು ಕಿರ್ಸ್ಟನ್. ಶಿವವ್ವ ತಲೆ ಎತ್ತಿ ನೋಡಿದರೆ ಬಂದಾಕೆಯ ಮುಖ ತಮ್ಮ ಮುಖದಂತೆಯೇ ಇದೆ. ಅಷ್ಟರಲ್ಲಿ ಕಕ್ಕಿನ ಎಣಿಕೆ ಏಳಕ್ಕೆ ಬಂದಿತ್ತು. ಕಿರ್ಸ್ಟನ್ ಮೆಲ್ಲಗೆ ಎಂಟು, ಒಂಬತ್ತು, ಹತ್ತು ಎಂದು ಕೊರಿಯಾದ ಮಾತಿನಲ್ಲೇ ಎಣಿಸಿ ಮುಗಿಸಿದರು. ಆಮೇಲೆ ಅಲ್ಲೇ ನಿಂತು ಅಳತೊಡಗಿದರು.

ಜಂಪಾ ನಡುವೆ ಕೂತು ಎರಡೂ ಕಡೆಯ ಮಾತು ದಾಟಿಸಿದರು. ಕಿರ್ಸ್ಟನ್ ಕೊರಿಯಾದ ಬೂಸಾನ್ ಎಂಬ ಊರಲ್ಲಿ ಹುಟ್ಟಿದವರು. ನಾಲ್ಕು ತಿಂಗಳ ಕೂಸನ್ನು ಡೆನ್ಮಾರ್ಕಿನ ದಂಪತಿಗೆ ದತ್ತು ಕೊಟ್ಟಿದ್ದರು. ಹೆತ್ತವರು ಯಾರೆಂದು ಯಾವ ಕಾಗದದಲ್ಲೂ ಇಲ್ಲ. ನಲವತ್ತನೆಯ ವಯಸ್ಸಿನಲ್ಲಿ ಸಂಜೆಯ ತರಗತಿಗೆ ಹೋಗಿ ಕೊರಿಯಾದ ಮಾತು ಕಲಿಯಲು ನೋಡಿದರು, ನಾಲಿಗೆ ಹೊರಳಲಿಲ್ಲ. ಉಳಿದದ್ದು ಅಂಕಿಗಳಷ್ಟೇ.

ಶಿವವ್ವ ಮಠದ ಚಾಕು ಕಲ್ಲಿಗೆ ಹಿಡಿದು ತುಳಿಯುತ್ತಲೇ ಎಲ್ಲ ಕೇಳಿಸಿಕೊಂಡು ಜಂಪಾಗೆ ಹೇಳಿದರು: "ಕೇಳ್ರಿ ಆಕಿನ್ನ. ಅಲ್ಲಿ ಸಾಕಿದಾಕಿ ಹೊಟ್ಟಿ ತುಂಬ ಹಾಕಿದ್ಲೇನು?"

ಹಾಕಿದಳು, ತುಂಬ ಪ್ರೀತಿಯಿಂದ ಸಾಕಿದಳು ಎಂದರು ಕಿರ್ಸ್ಟನ್.

"ಮತ್ತ್ಯಾಕ ಅಳ್ತಿ?"

ಕಿರ್ಸ್ಟನ್ ಕಣ್ಣು ಒರೆಸಿಕೊಂಡು ಉತ್ತರಿಸಿದರು. ಜಂಪಾ ಕನ್ನಡಕ್ಕೆ ತಂದದ್ದು ಹೀಗೆ: "ಆ ಮನಿಯಾಗ ಕನ್ನಡಿ ಮುಂದ ನಿಂತಾಗೆಲ್ಲಾ ಈಕಿಗೆ ತಾನೊಬ್ಬಾಕಿನ ಬ್ಯಾರೆಯಾಕಿ ಅನಸ್ತಿತ್ತಂತ್ರಿ."

ಶಿವವ್ವ ಪೆಡಲ್‌ನಿಂದ ಕಾಲು ತೆಗೆದರು. ಕೆಲಸದ ನಡುವೆ ಅವರು ಹಾಗೆ ಕಾಲು ತೆಗೆದದ್ದನ್ನು ತಾನು ಹಿಂದೆ ಎಂದೂ ನೋಡಿರಲಿಲ್ಲ ಎನ್ನುತ್ತಾರೆ ಜಂಪಾ. "ನಮ್ಮನಿಯಾಗ ನಾವು ಇಬ್ರು ಇದ್ವಿ, ಅಪ್ಪ ಮತ್ತ ನಾನು," ಎಂದರು ಶಿವವ್ವ. "ನಿಂಗ ಅದೂ ಇರ್ಲಿಲ್ಲಲ್ಲ ನಮ್ಮವ್ವಾ. ಬಾ, ಕುಂದ್ರು."

ಅಂದು ಸಂಜೆ ಕಿರ್ಸ್ಟನ್ ಶಿವವ್ವನ ಜೊತೆ ಬಸ್ಸು ಹತ್ತಿ ಹಳ್ಳಿಗೆ ಬಂದರು. ಐದು ದಿನ ಉಳಿದರು. ಸಾತಪ್ಪನ ರೊಟ್ಟಿ ತಿಂದರು, ಗರಗಸಕ್ಕೆ ಅರ ಹಾಕಲು ಕಲಿತು ಹೆಬ್ಬೆರಳು ಕೊಯ್ದುಕೊಂಡರು. ಇಂಗ್ಲಿಷ್ ಬಲ್ಲ ಸಹನಾ ದುಭಾಷಿಯಾದಳು. ಐದನೆಯ ದಿನ ಕಿರ್ಸ್ಟನ್ ಚೀಲದಿಂದ ಒಂದು ಸಣ್ಣ ಪ್ಲಾಸ್ಟಿಕ್ ನಳಿಗೆ ತೆಗೆದರು. ಇದರೊಳಗೆ ಉಗುಳಿ ಕೊಟ್ಟರೆ ಸಾಕು, ರಕ್ತಸಂಬಂಧದವರು ಜಗತ್ತಿನಲ್ಲಿ ಎಲ್ಲಿದ್ದರೂ ಪತ್ತೆಯಾಗಬಹುದು, ತಾನೂ ಪರೀಕ್ಷೆ ಮಾಡಿಸಿದ್ದೇನೆ, ತನಗೆ ಯಾರೂ ಸಿಕ್ಕಿಲ್ಲ, ನಿಮಗಾದರೂ ಸಿಗಲಿ ಎಂದರು.

ಸಹನಾಳಿಗೆ ಹಿಗ್ಗೋ ಹಿಗ್ಗು. ಸಾತಪ್ಪ ಮಾತ್ರ ಬೇಡವೆಂದರು. "ಸತ್ತಾಂವ ತಾನಾಗಿ ಮುಚ್ಚಿಟ್ಟದ್ದನ್ನ ನಾವ್ಯಾಕ ಕೆದರಬೇಕು?"

ಅವರು ಯಾವುದರ ಬಗ್ಗೆ ಹೇಳುತ್ತಿದ್ದಾರೆಂದು ಶಿವವ್ವನಿಗೆ ಗೊತ್ತಿತ್ತು. ಪಾಕಣ್ಣ ಕೊನೆಯ ಜ್ವರದಲ್ಲಿ ಮೂರು ದಿನ ಒಂದೇ ಹೆಸರು ಕರೆದಿದ್ದ: ಸುನಿ. ಹೆಣ್ಣಿನ ಹೆಸರು ಎಂದು ಯಾರೂ ಹೇಳಬೇಕಿರಲಿಲ್ಲ, ಕರೆದ ದನಿಯಲ್ಲೇ ತಿಳಿಯುತ್ತಿತ್ತು. ಮೂವತ್ತೆರಡು ವರ್ಷ ಜೊತೆಗೆ ಬಾಳಿದ ಗುರುಸಿದ್ದವ್ವ ಪಕ್ಕದಲ್ಲೇ ಕೂತು ಒದ್ದೆ ಅರಿವೆ ಹಣೆಗೆ ಒತ್ತುತ್ತಾ ಆ ಹೆಸರು ಕೇಳಿಸಿಕೊಂಡಳು. ಆಮೇಲೆ ಆರು ವರ್ಷ ಬದುಕಿದ್ದಳು, ಒಂದು ದಿನವೂ ಅದರ ಮಾತೆತ್ತಲಿಲ್ಲ. ಅಪ್ಪನಿಗೆ ಅಲ್ಲೊಬ್ಬ ಹೆಂಡತಿ ಇದ್ದಳೇ? ಹಾಗಾದರೆ ಅವ್ವ ಯಾರು? ಈ ಪ್ರಶ್ನೆಯನ್ನು ಶಿವವ್ವ ಸಾತಪ್ಪನ ಬಳಿ ಬಿಟ್ಟು ಬೇರೆ ಯಾರ ಬಳಿಯೂ ಆಡಿರಲಿಲ್ಲ.

ಆ ಹಗಲೆಲ್ಲಾ ನಳಿಗೆ ಗೂಡಿನಲ್ಲೇ ಇತ್ತು. ಸಂಜೆ ಶಿವವ್ವ ಅದನ್ನು ತೆಗೆದುಕೊಂಡು ಹಿತ್ತಲಿಗೆ ಹೋದರು. ಬಂದು ಕಿರ್ಸ್ಟನ್ ಕೈಗಿಟ್ಟರು. ಸಾತಪ್ಪನಿಗೆ ಹೇಳಿದ್ದಿಷ್ಟೇ: "ಹೆದರ್ಕೊಂಡು ಇಪ್ಪತ್ತೊಂಬತ್ತು ವರ್ಷ ಆತು. ಸಾಕಾಗೇತಿ."

ನಾಲ್ಕು ತಿಂಗಳ ಮೇಲೆ ಸುದ್ದಿ ಬಂತು. ದೂರದ ದಾಯಾದಿಯೊಬ್ಬರು ಸಿಕ್ಕಿದ್ದರು, ಅದೂ ಉಜ್ಬೇಕಿಸ್ತಾನದ ತಾಷ್ಕೆಂಟಿನಲ್ಲಿ. ಹೆಸರು ಸ್ವೆತ್ಲಾನಾ ಪಾಕ್. ಅವರ ಹಿರಿಯರು ಬಡತನ ತಾಳದೆ ಕೊರಿಯಾದ ಉತ್ತರದ ಗಡಿ ದಾಟಿ ರಷ್ಯಾಕ್ಕೆ ಹೋದವರು. ಅಲ್ಲಿಂದ ಸರಕಾರ ಅವರೆಲ್ಲರನ್ನೂ ರೈಲಿಗೆ ತುಂಬಿ ಮಧ್ಯ ಏಷ್ಯಾದ ಬಯಲಿಗೆ ಸಾಗಿಸಿತ್ತು. ಕಿರ್ಸ್ಟನ್ ಡೆನ್ಮಾರ್ಕಿನಿಂದಲೇ ಮೊಬೈಲಿನಲ್ಲಿ ಮೂವರನ್ನೂ ಎದುರುಬದುರು ಕೂಡಿಸಿದರು. ಸ್ವೆತ್ಲಾನಾಗೆ ರಷ್ಯನ್ ಬಿಟ್ಟರೆ ಅರೆಬರೆ ಇಂಗ್ಲಿಷ್. ಆ ಹೊತ್ತನ್ನು ನೆನೆದು ಶಿವವ್ವ ಈಗಲೂ ನಗುತ್ತಾರೆ: "ಕೊರಿಯಾದವ್ರು ಅನ್ನಾಕ ಮೂರು ಮಂದಿ ಕುಂತಿದ್ವಿ. ಕೊರಿಯಾ ಮಾತು ಒಬ್ಬಾಕಿಗೂ ಬರೂದಿಲ್ಲ! ನಮ್ಮ ಸಹನಾನ ಶ್ಯಾಣ್ಯಾಕಿ, ಸೀರಿಯಲ್ ನೋಡಿ ನಾಕ ಮಾತು ಆಕೀನ ಆಡಿದ್ಲು."

ಆ ನಗುವಿನ ನಡುವೆ ಶಿವವ್ವ ಕೇಳಿಯೇಬಿಟ್ಟರು. ಸುನಿ ಅಂದರೆ ಯಾರು? ಸ್ವೆತ್ಲಾನಾಗೆ ತಿಳಿಯಲಿಲ್ಲ. ಒಳಕೋಣೆಗೆ ಹೋಗಿ ಹಾಸಿಗೆ ಹಿಡಿದಿದ್ದ ತಾಯಿಯ ಮುಂದೆ ಮೊಬೈಲ್ ಹಿಡಿದರು. ಎಂಬತ್ತು ದಾಟಿದ ಆ ಮುದುಕಿಗೆ ಮಾತ್ರ ಅವರ ಸೀಮೆಯ ಹಳೆಯ ಮಾತು ಇನ್ನೂ ನೆನಪಿತ್ತು. ಮುದುಕಿ ರಷ್ಯನ್ನಿನಲ್ಲಿ ಹೇಳಿದ್ದು ಇಂಗ್ಲಿಷಿಗೆ ಬಂದು, ಸಹನಾಳ ಬಾಯಿಂದ ಕನ್ನಡವಾಗುವಷ್ಟರಲ್ಲಿ ಶಿವವ್ವ ಸೆರಗನ್ನು ಹಗ್ಗದಂತೆ ಹೊಸೆದಿದ್ದರು.

"ಅಮ್ಮಾ, ಅವ್ರ ಕಡೆ ಮನಿಗೊಬ್ಬಾಕಿ ಸುನಿ ಇರ್ತಿದ್ಲಂತ. ಅಕ್ಕ ಇರಬಹುದು, ತಂಗಿ ಇರಬಹುದು, ಹೇಂತಿ ಇರಬಹುದು, ಕೂಸೂ ಇರಬಹುದು. ಹೇಳಾಕ ಬರೂದಿಲ್ಲಂತ."

ಅಷ್ಟೇ. ಪಾಕಣ್ಣ ಯಾರ ಮಗ, ಯಾವ ಬೀದಿಯವ, ಯಾರನ್ನು ಬಿಟ್ಟು ಬಂದ, ಯಾವುದೂ ತಿಳಿಯಲಿಲ್ಲ. ಆ ಗಡಿಯಾಚೆಗೆ ಹೋಗಿ ಕೇಳುವ ದಾರಿ ಇಂದಿಗೂ ಯಾರಿಗೂ ಇಲ್ಲ. ಸಹನಾಳಿಗೆ ಅಳು ಬಂತು. ಶಿವವ್ವ ಹೊಸೆದ ಸೆರಗು ಬಿಡಿಸಿಕೊಳ್ಳುತ್ತಾ, "ಯಾರರೆ ಇರ್ಲಿ ಬಿಡು. ಬಾಗಲಾ ನೋಡ್ಕೋತ ಕುಂತಿರ್ತಾಳ, ಪಾಪ" ಎಂದರು. ಹೇಳಿದ ಮೇಲೆ ತಾವು ಆಡಿದ್ದು ತಮಗೇ ಕೇಳಿಸಿದಂತಾಯಿತು. ಅಷ್ಟು ವರ್ಷ ಅಂಜಿಕೊಂಡಿದ್ದ ಹೆಂಗಸಿನ ಮೇಲೆ ಅವರಿಗೆ ಕರುಣೆ ಬಂದಿತ್ತು.

ಆ ವರ್ಷ ಮಹಾನವಮಿಗೆ ಮುಂಚಿನ ಅಮಾವಾಸ್ಯೆಯಂದು, ಹಿರಿಯರಿಗೆ ಎಡೆ ಇಡುವ ದಿನ, ಶಿವವ್ವ ಗೋಡೆಯ ಮುಂದೆ ಎರಡರ ಬದಲು ಮೂರು ಬಾಳೆಎಲೆ ಹಾಕಿದರು. ಅಪ್ಪನಿಗೊಂದು, ಅವ್ವನಿಗೊಂದು, ಸುನಿಗೊಂದು. ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ, ಕಟ್ಟಿನ ಸಾರು. ಸಾತಪ್ಪ ಎಲೆಗಳನ್ನು ನೋಡಿ ಕೇಳಿದರು, "ನಿಮ್ಮವ್ವ ಸಿಟ್ಟಾಗೂದಿಲ್ಲೇನು?"

"ಅವ್ವ ಮೂರು ದಿನಾ ಆ ಹೆಸರು ಕೇಳ್ಕೋತ ಹಣಿ ಒರಸ್ಯಾಳ. ಆಕಿ ಸಿಟ್ಟಾಗಾಕಿ ಅಲ್ಲ," ಎಂದರು ಶಿವವ್ವ. ಮೂರನೆಯ ಎಲೆಗೆ ತುಪ್ಪ ತುಸು ಹೆಚ್ಚೇ ಬಿತ್ತು.

ಹೋದ ಚಳಿಗಾಲ ಕಿರ್ಸ್ಟನ್ ಮತ್ತೆ ಬಂದರು. ಈಗ ಅವರು ಶಿವವ್ವನಿಗೆ ತಂಗಿ, ಸಾತಪ್ಪನಿಗೆ ನಾದಿನಿ. ಸಂತೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತರೆ ಯಾರೂ ಎಲ್ಲಿಯವರು ಎಂದು ಕೇಳುವುದಿಲ್ಲ. ಅಕ್ಕತಂಗಿಯರು ಎಂದುಕೊಂಡು ಮುಂದೆ ಹೋಗುತ್ತಾರೆ. ನಿಮಗೆ ಒಳಗಿನಿಂದ ನೀವು ಕೊರಿಯಾದವರು ಅನ್ನಿಸುತ್ತದೆಯೇ ಎಂದು ಕಿರ್ಸ್ಟನ್ ಒಮ್ಮೆ ಕೇಳಿದ್ದರು. ಶಿವವ್ವ ಕತ್ತರಿಯೊಂದರ ಎರಡು ಅಲಗು ಬಿಚ್ಚಿ ಉಜ್ಜುತ್ತಿದ್ದರು. "ಅನಸೂದು ಬಿಡೂದು ನಂಗ ಗೊತ್ತಿಲ್ಲವಾ. ಅಪ್ಪ ನಮ್ಮಾಂವ. ಅಂವಾ ಎಲ್ಲಿಯಾಂವ ಇದ್ನೋ ಆ ಊರೂ ನಮ್ಮದ ಆತಲ್ಲ" ಎಂದರಂತೆ.

ಮುಂದಿನ ವರ್ಷ ಇಬ್ಬರೂ ದಕ್ಷಿಣ ಕೊರಿಯಾಕ್ಕೆ ಹೋಗಿ ಬರಬೇಕೆಂಬುದು ಕಿರ್ಸ್ಟನ್ ಆಸೆ. ಪಾಕಣ್ಣನ ಊರಿಗೆ ಹೋಗಲಾಗದು, ಆದರೂ ಅದೇ ಸಮುದ್ರವನ್ನು ಈ ಕಡೆಯಿಂದ ನೋಡಬಹುದು. ಪಾಸ್‌ಪೋರ್ಟಿನ ಅರ್ಜಿಯನ್ನು ಸಹನಾ ತುಂಬಿದ್ದಾಳೆ. ತಂದೆಯ ಹೆಸರು ಏನು ಬರೆಯಲಿ ಎಂದು ಕೇಳಿದಾಗ, ಕಾಗದಪತ್ರದಲ್ಲಿ ಇರುವುದು ಬಾಳಪ್ಪ ಎಂದೇ ಆದ್ದರಿಂದ ಹಾಗೆಯೇ ಬರೆಸಿದರು. ಆದರೆ ಬರೆಯುವ ಮುನ್ನ ಪಾಕ್ ಇನ್‌ಸು ಎಂದು ಗಟ್ಟಿಯಾಗಿ ಒಮ್ಮೆ ಹೇಳಿದರಂತೆ. ಅಕ್ಟೋಬರಿಗೆ ಹೋಗೋಣ, ಆಗ ಅಲ್ಲಿ ಮರಗಳ ಎಲೆ ಕೆಂಪಾಗಿ ಚೆಂದ ಎಂದು ಕಿರ್ಸ್ಟನ್ ಹೇಳಿದ್ದಾರೆ. ಅದಕ್ಕೆ ಮಾತ್ರ ಶಿವವ್ವ ಒಪ್ಪಿಲ್ಲ. ಇಲ್ಲಿ ಕೊಯ್ಲು ಶುರುವಾಗುವ ಹೊತ್ತು ಅದು. ಹೇಮಲಪ್ಪನಂಥವರೆಲ್ಲ ಮತ್ತೆ ಕುಡಗೋಲನ್ನು ಬಂಡೆಗಲ್ಲಿಗೆ ತಿಕ್ಕಿಯಾರು ಎಂಬ ಭಯ ಅವರದು. ಕೊನೆಗೆ ಏಪ್ರಿಲ್ ಎಂದು ನಿಶ್ಚಯವಾಗಿದೆ.

ಬಿಸಿಲು ಏರಿದೆ. ಒಂಬತ್ತೂ ಕುಡಗೋಲು ಚೀಲ ಸೇರಿವೆ. ಹೇಮಲಪ್ಪ ಹೊರಡುವ ಮುನ್ನ ಕಾಲೆಳೆಯುತ್ತಾರೆ: "ಅಲ್ಲಿಗೆ ಹೋಗಿ ಏನ ನೋಡಾಕಿ ಅಕ್ಕಾ? ದೊಡ್ಡ ದೊಡ್ಡ ಬಿಲ್ಡಿಂಗ್ ಅದಾವಂತ."

ಶಿವವ್ವ ಮುಂದಿನ ಗಿರಾಕಿಯ ಕೊಡಲಿ ಕೈಗೆತ್ತಿಕೊಂಡು, ಕಲ್ಲಿಗೆ ನೀರು ಚಿಮುಕಿಸುತ್ತಾರೆ.

"ಬಿಲ್ಡಿಂಗ್ ತಗೊಂಡ ಏನ ಮಾಡ್ಲಿ? ಅವ್ರೂ ಭತ್ತ ಬೆಳೀತಾರಂತ. ಎಂಥಾ ಕುಡಗೋಲ ಹಿಡೀತಾರ ಅಂತ ನೋಡೂದೈತಿ. ಮೊಂಡ ಇದ್ರ, ಎರಡು ದಿನಾ ಕುಂತು ಸಾಣಿ ಹಿಡದ ಕೊಟ್ಟ ಬರ್ತೇನಿ."